ನೀರು ಸುರಿದರೆ ಸಾಲದು, ಆರಬೇಕು



ಕಳೆದ ಬೇಸಿಗೆಯಲ್ಲಿ ರಾಂಪುರ ಭಾಗದ ಸದಸ್ಯರೊಬ್ಬರ ಮನೆಯಿಂದ ಕರೆ ಬಂತು. ಹೋಗಿ ನೋಡಿದರೆ ಎಚ್.ಎಫ್. ಮಿಶ್ರತಳಿ ಹಸು ಬಾಯಿ ತೆರೆದು ತೇಕುತ್ತಿತ್ತು, ಜೊಲ್ಲು ಸುರಿಸುತ್ತಿತ್ತು. ಸಹಜವಾಗಿ 101.5 ಡಿಗ್ರಿ ಫ್ಯಾರನ್‌ಹೀಟ್ ಇರಬೇಕಾದ ಮೈಬಿಸಿ 105ಕ್ಕೆ ಏರಿತ್ತು. ಯಜಮಾನರು ಬೆಳಿಗ್ಗೆಯಿಂದ ನಾಲ್ಕು ಸಲ ನೀರು ಸುರಿದಿದ್ದರು. ಆದರೆ ಬಿಸಿಗಾಳಿ ಬಾರದಿರಲೆಂದು ತಗಡಿನ ಕೊಟ್ಟಿಗೆಯ ಸುತ್ತ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರು. ನೀರು ಹಾಕಿದ್ದು ಸರಿ, ಗಾಳಿ ತಡೆದದ್ದು ತಪ್ಪು. ಏಕೆಂದು ನೋಡೋಣ.

ಒಂದು ಲೀಟರ್ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಿಂದ 100 ಡಿಗ್ರಿಯವರೆಗೆ ಕಾಯಿಸಲು 80 ಕಿಲೋ ಕ್ಯಾಲರಿ ಶಾಖ ಸಾಕು. ಅದೇ ಕುದಿಯುವ ನೀರು ಪೂರ್ತಿ ಆವಿಯಾಗಲು ಮತ್ತೆ 540 ಕಿಲೋ ಕ್ಯಾಲರಿ ಬೇಕು. ಎಷ್ಟು ಸೌದೆ ಒಟ್ಟಿದರೂ ಕುದಿಯುವ ನೀರಿನ ಬಿಸಿ ಮೇಲೇರದು. ಕೊಟ್ಟ ಶಾಖವೆಲ್ಲ ಆವಿಯೊಳಗೆ ಅಡಗಿ ಹೋಗುತ್ತದೆ. ಶಾಲೆಯಲ್ಲಿ ಮಕ್ಕಳು ಓದುವ ‘ಗುಪ್ತೋಷ್ಣ’ ಇದೇ.

ಆವಿಯಾಗಲು ನೀರು ಕುದಿಯಲೇಬೇಕೆಂದಿಲ್ಲ. ಒದ್ದೆ ಬಟ್ಟೆ ಒಣಗುವುದೂ ನೀರು ಆವಿಯಾಗಿಯೇ. ಆಗ ಬೇಕಾದ ಶಾಖವನ್ನು ನೀರು ತನಗೆ ತಗುಲಿರುವ ವಸ್ತುವಿನಿಂದ ಎಳೆದುಕೊಳ್ಳುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದು ಹೀಗೆ. ಹಸುವಿನ ಬೆವರು, ಉಸಿರಿನ ತೇವ ಮಾಡುವ ಕೆಲಸವೂ ಇದೇ. ಎಮ್ಮೆಗೆ ಬೆವರುಗ್ರಂಥಿಗಳು ಕಡಿಮೆ, ಚರ್ಮ ಕಪ್ಪು. ಅದಕ್ಕೇ ಅದು ನೀರಿಗಿಳಿಯುತ್ತದೆ.

ಹಸುವಿನ ಮೈಮೇಲೆ ಒಂದು ಲೀಟರ್ ನೀರು ಆರಲು ಸುಮಾರು 580 ಕಿಲೋ ಕ್ಯಾಲರಿ ಬೇಕು. ಚರ್ಮ ತೊಯ್ದಿದ್ದರೆ ಅದರಲ್ಲಿ ದೊಡ್ಡ ಪಾಲು ಮೈಯಿಂದಲೇ ಹೋಗುತ್ತದೆ. ಆರದೆ ನೆಲಕ್ಕೆ ಹರಿದ ಒಂದು ಲೀಟರ್ ನೀರು, 10 ಡಿಗ್ರಿ ಬಿಸಿಯಾಗಿ ಹರಿದರೂ, ಒಯ್ಯುವುದು 10 ಕಿಲೋ ಕ್ಯಾಲರಿ ಮಾತ್ರ. ಮುಚ್ಚಿದ ಕೊಟ್ಟಿಗೆಯ ಗಾಳಿಯಲ್ಲಿ ಆವಿ ತುಂಬಿಕೊಂಡರೆ ಸುರಿದ ನೀರೂ ಆರದು, ಬೆವರೂ ಆರದು. ಮೊಳಕಾಲ್ಮೂರು, ಚಳ್ಳಕೆರೆ ಸೀಮೆಯಲ್ಲಿ ನೀರಿಗೆ ಬರ. ಆದರೆ ಬೇಸಿಗೆಯ ಗಾಳಿ ಒಣಗಾಳಿ, ತೇವವನ್ನು ಬೇಗ ಹೀರುತ್ತದೆ. ಅದನ್ನು ಬಳಸಿಕೊಂಡರೆ ಸ್ವಲ್ಪ ನೀರಿನಲ್ಲೇ ಕೆಲಸವಾಗುತ್ತದೆ.

ಸದಸ್ಯರು ಪಾಲಿಸಬೇಕಾದ ಕ್ರಮಗಳು:

1. ಕೊಟ್ಟಿಗೆಯ ಎದುರುಬದುರಿನ ಎರಡು ಬದಿ ತೆರೆದಿರಲಿ. ಗಾಳಿ ಬರುವ ಬದಿಗೆ ಒದ್ದೆ ಗೋಣಿಚೀಲ ಇಳಿಬಿಡಿ. ಎದುರು ಬದಿಯನ್ನು ಮುಚ್ಚಬೇಡಿ.

2. ತಗಡಿನ ಮೇಲೆ ತೆಂಗಿನ ಗರಿ ಅಥವಾ ಹುಲ್ಲು ಹೊದಿಸಿ.

3. ಮಧ್ಯಾಹ್ನ ಚರ್ಮ ತೊಯ್ಯುವಷ್ಟು ನೀರು ಹಾಕಿ, ಆರಲು ಬಿಡಿ, ಮತ್ತೆ ಹಾಕಿ. ಗಾಳಿ ಇಲ್ಲದಿದ್ದರೆ ಫ್ಯಾನ್ ಇಡಿ.

4. ಕುಡಿಯುವ ನೀರು ಸದಾ ಎದುರಿಗಿರಲಿ. ಹತ್ತು ಲೀಟರ್ ಕರೆಯುವ ಮಿಶ್ರತಳಿ ಹಸುವಿಗೆ ಬೇಸಿಗೆಯಲ್ಲಿ ದಿನಕ್ಕೆ 80ರಿಂದ 100 ಲೀಟರ್ ಬೇಕಾದೀತು.

5. ಮೇವನ್ನು ಬೆಳಗಿನ ಜಾವ ಮತ್ತು ರಾತ್ರಿ ಹೆಚ್ಚು ಕೊಡಿ.

6. ಹಸು ಬಾಯಿ ತೆರೆದು ತೇಕಿದರೆ ನೆರಳಿಗೆ ತಂದು, ನೀರು ಹಾಕಿ, ಗಾಳಿ ಬೀಸಿ, ಕೂಡಲೇ ವೈದ್ಯರನ್ನು ಕರೆಯಿರಿ. ಬಲವಂತವಾಗಿ ಗೊಟ್ಟದಲ್ಲಿ ನೀರು ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿದೀತು.

ಆ ಹಸುವನ್ನು ಬೇವಿನ ಮರದಡಿ ಕಟ್ಟಿ ಹೀಗೇ ಮಾಡಿದೆವು. ಸಂಜೆಯ ಹೊತ್ತಿಗೆ ತೇಕುವುದು ನಿಂತಿತು. ಆದರೆ ಸಂಜೆಗೆ ಆರು ಲೀಟರ್ ಕೊಡುತ್ತಿದ್ದುದು ಅಂದು ಎರಡೇ ಲೀಟರ್ ಕೊಟ್ಟಿತು. ಮೊದಲಿನಂತಾಗಲು ವಾರವೇ ಹಿಡಿಯಿತು. ಬಿಸಿಲು ಏರುವ ಮುನ್ನ ನಿಮ್ಮ ಕೊಟ್ಟಿಗೆಯ ಗಾಳಿ ಆಡುವ ದಾರಿಯನ್ನು ಒಮ್ಮೆ ನೋಡಿಕೊಳ್ಳಿ.