ಆಂಪ್ಲಿಫೈಯರಿನ ಬೆಲೆ, ಕೇಳಿದ ಗಂಟೆಗಳಲ್ಲಿ

ಸಿಡಿ ಪ್ಲೇಯರಿನಿಂದಲೋ ಗ್ರಾಮಫೋನ್ ತಟ್ಟೆಯಿಂದಲೋ ಹೊರಡುವ ಕ್ಷೀಣವಾದ ವಿದ್ಯುತ್ ಸಂಕೇತವನ್ನು ಸ್ಪೀಕರನ್ನು ನುಡಿಸುವಷ್ಟು ಬಲಪಡಿಸುವ ಯಂತ್ರಕ್ಕೆ ಆಂಪ್ಲಿಫೈಯರ್ ಎಂದು ಹೆಸರು. ಈ ಕೆಲಸವನ್ನು ಇಪ್ಪತ್ತು ಸಾವಿರ ರೂಪಾಯಿಯ ಯಂತ್ರವೂ ಮಾಡುತ್ತದೆ, ಮೂರೂವರೆ ಲಕ್ಷದ ಯಂತ್ರವೂ ಮಾಡುತ್ತದೆ. ಇವೆರಡರ ನಡುವಿನ ಅಂತರಕ್ಕೆ ತೆರುವ ಹಣ ಸಾರ್ಥಕವೇ ಎಂಬ ಪ್ರಶ್ನೆಗೆ ಅಂಗಡಿಯ ಬೆಲೆಚೀಟಿ ಉತ್ತರ ಕೊಡಲಾರದು. ಏಕೆಂದರೆ ಚೀಟಿಯ ಮೇಲಿರುವುದು ಒಂದು ದಿನದ ಖರ್ಚು, ಯಂತ್ರವಾದರೋ ಹತ್ತಿಪ್ಪತ್ತು ವರ್ಷ ಮನೆಯಲ್ಲಿರುವಂಥದ್ದು. ಪ್ರಸ್ತುತ ಲೇಖಕನ ಮೈಸೂರಿನ ಮನೆಯಲ್ಲಿ 2014ರಿಂದ ಇರುವ ಒಂದು ಆಂಪ್ಲಿಫೈಯರಿನ ಹತ್ತು ವರ್ಷದ ಜಮಾಖರ್ಚನ್ನು ಮುಂದಿಟ್ಟುಕೊಂಡು, ಆ ಬೆಲೆಯನ್ನು ಕೇಳಿದ ಗಂಟೆಗಳ ಲೆಕ್ಕದಲ್ಲಿ ಅಳೆಯುವುದು ಈ ಬರಹದ ಉದ್ದೇಶ.

ಕೊಳ್ಳುವವರು ಮೊದಲು ನೋಡುವುದು ವ್ಯಾಟಿನ ಸಂಖ್ಯೆಯನ್ನು, ಹೆಚ್ಚಿನ ಹಣ ವ್ಯರ್ಥವಾಗುವುದೂ ಅಲ್ಲಿಯೇ. ಶಬ್ದದ ಮಟ್ಟವನ್ನು ಅಳೆಯುವ ಡೆಸಿಬೆಲ್ ಗುಣಾಕಾರದ ಮೇಲೆ ನಿಂತ ಮಾನವಾದ್ದರಿಂದ, ವ್ಯಾಟ್ ಇಮ್ಮಡಿಯಾದಾಗ ಶಬ್ದ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರೆನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕಾಗುತ್ತದೆ. ಲೇಖಕನ ಸ್ಪೀಕರಿನ ಸಂವೇದನೆ, ಎಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅದು ಹೊಮ್ಮಿಸುವ ಶಬ್ದ, 88 ಡೆಸಿಬೆಲ್. ಹಾಗಾಗಿ ಅಷ್ಟೇ ದೂರದಲ್ಲಿ 78 ಡೆಸಿಬೆಲ್ ಸರಾಸರಿ ಮಟ್ಟಕ್ಕೆ ಬೇಕಾಗುವುದು ಒಂದು ವ್ಯಾಟಿನ ಹತ್ತನೆಯ ಒಂದು ಭಾಗ, ಮತ್ತು ತಾಳವಾದ್ಯಗಳದೇ ಸರದಿಯಾದ ತನಿ ಆವರ್ತನದಲ್ಲಿ ಮೃದಂಗದ ಪೆಟ್ಟು ಆ ಸರಾಸರಿಗಿಂತ 20 ಡೆಸಿಬೆಲ್ ಮೇಲಕ್ಕೆ ಚಿಮ್ಮಿದರೂ 10 ವ್ಯಾಟ್ ಸಾಕು. ಸಾಧಾರಣ ಗಾತ್ರದ ಹಜಾರದಲ್ಲಿ ಕೂತು ಕೇಳುವವರಿಗೆ 100 ವ್ಯಾಟ್ ಸಾಲದು, 200 ವ್ಯಾಟ್ ಬೇಕು ಎಂದು ಹೇಳಿ ಒಂದು ಲಕ್ಷ ಹೆಚ್ಚು ಕೊಡಿಸುವ ಮಾರಾಟಗಾರರು ಈ ಲೆಕ್ಕವನ್ನು ಬಿಡಿಸಿ ಹೇಳುವುದಿಲ್ಲ. ಲೇಖಕನು 3,60,000 ರೂಪಾಯಿಗೆ ಕೊಂಡ ಯಂತ್ರದ ಶಕ್ತಿ ಪ್ರತಿ ಸ್ಪೀಕರಿಗೆ 30 ವ್ಯಾಟ್. ಹತ್ತು ವರ್ಷಗಳಲ್ಲಿ ಒಮ್ಮೆಯೂ ಅದು ಸಾಲದೆ ಹೋದದ್ದಿಲ್ಲ.

ಹಾಗಾದರೆ ಆ ಬೆಲೆ ಯಾವುದಕ್ಕೆ? ಈ ಯಂತ್ರ ಕ್ಲಾಸ್ ಎ ಎಂಬ ವರ್ಗಕ್ಕೆ ಸೇರಿದ್ದು. ಸಾಮಾನ್ಯವಾದ ಕ್ಲಾಸ್ ಎಬಿ ಯಂತ್ರಗಳಲ್ಲಿ ಧ್ವನಿತರಂಗದ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನ ಅರ್ಧವನ್ನು ಇನ್ನೊಂದು ಹೊತ್ತುಕೊಳ್ಳುತ್ತವೆ, ಮತ್ತು ಒಂದರಿಂದ ಇನ್ನೊಂದಕ್ಕೆ ಕೈ ಬದಲಾಗುವ ಗಳಿಗೆಯಲ್ಲಿ ಅತಿ ಸಣ್ಣ ವಿಕಾರ ಉಂಟಾಗುತ್ತದೆ. ಕ್ಲಾಸ್ ಎಯಲ್ಲಿ ಎಲ್ಲ ಟ್ರಾನ್ಸಿಸ್ಟರುಗಳೂ ಸದಾಕಾಲ ದುಡಿಯುತ್ತಿರುವುದರಿಂದ ಆ ಕೈಬದಲಾವಣೆಯೇ ಇರುವುದಿಲ್ಲ. ಸಂಕೇತವು ಸಣ್ಣದಾಗಿದ್ದಾಗ ಈ ವಿಕಾರ ಹೆಚ್ಚು ಎದ್ದು ಕಾಣುವಂಥದ್ದಾದ್ದರಿಂದ, ಆಲಾಪದ ನಡುನಡುವೆ ತಂಬೂರಿಯೊಂದೇ ಉಳಿಯುವ ನಮ್ಮ ಸಂಗೀತದಲ್ಲಿ ಅದರ ಪ್ರಶ್ನೆ ವಿಶೇಷವಾಗಿ ಏಳುತ್ತದೆ. ಆದರೆ ಪ್ರಾಮಾಣಿಕವಾಗಿ ಹೇಳಬೇಕಾದ ಮಾತೊಂದಿದೆ. ಹೊರಬರುವ ಸಂಕೇತದ ಒಂದು ಪಾಲನ್ನು ತಿರುವುಮುರುವಾಗಿಸಿ ಒಳಕ್ಕೆ ಮರಳಿಸಿ, ಯಂತ್ರವು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವಂತೆ ಮಾಡುವ ನೆಗೆಟಿವ್ ಫೀಡ್‌ಬ್ಯಾಕ್ ವಿಧಾನವನ್ನು ಹೆರಾಲ್ಡ್ ಬ್ಲ್ಯಾಕ್ ಎಂಬ ಅಮೆರಿಕದ ಎಂಜಿನಿಯರ್ 1927ರಲ್ಲೇ ಕಂಡುಹಿಡಿದರು. ಅದನ್ನು ಚೆನ್ನಾಗಿ ಅಳವಡಿಸಿದ ಅಗ್ಗದ ಯಂತ್ರದಲ್ಲೂ ಇಂದು ವಿಕಾರ ಕಿವಿಗೆ ನಿಲುಕದಷ್ಟು ಕಡಿಮೆ. ಲೇಖಕನ ಮನೆಗೆ ಬಂದವರು, ಯಾವ ಯಂತ್ರ ನುಡಿಯುತ್ತಿದೆ ಎಂದು ತಿಳಿಯದೆ ಕೇಳಿದಾಗ, ಇದನ್ನೂ ಅಂಥ ಅಗ್ಗದ ಯಂತ್ರವೊಂದನ್ನೂ ಬೇರೆ ಮಾಡಿ ಗುರುತಿಸಲು ಬಹುಪಾಲು ಸೋತಿದ್ದಾರೆ, ಲೇಖಕನೂ ಸೋತಿದ್ದಾನೆ. ಮೂರೂವರೆ ಲಕ್ಷದಲ್ಲಿ ಹೆಚ್ಚಿನ ಪಾಲು ದೊಡ್ಡ ಟ್ರಾನ್ಸ್‌ಫಾರ್ಮರಿಗೆ, ಶಾಖ ಹೊರಹಾಕುವ ಅಲ್ಯೂಮಿನಿಯಂ ರೆಕ್ಕೆಗಳಿಗೆ, ಬಿಚ್ಚಿ ದುರಸ್ತಿ ಮಾಡಬಹುದಾದ ಗಟ್ಟಿ ಕಟ್ಟಡಕ್ಕೆ ಸಲ್ಲುತ್ತದೆ. ಅದು ಬೆಲೆಬಾಳುವ ಸಂಗತಿಯೇ, ಆದರೆ ಕೊಳ್ಳುವವರಿಗೆ ಇದು ಮೊದಲೇ ತಿಳಿದಿರಬೇಕು.

ಕ್ಲಾಸ್ ಎಯ ನಿಜವಾದ ದಂಡ ವಿದ್ಯುತ್ತಿನಲ್ಲಿದೆ. ಹಾಡು ನುಡಿಯುತ್ತಿರಲಿ, ಸುಮ್ಮನಿರಲಿ, ಅದು ಎಳೆದುಕೊಳ್ಳುವ ವಿದ್ಯುತ್ ಹೆಚ್ಚುಕಡಿಮೆ ಒಂದೇ. ಪ್ಲಗ್ಗಿಗೆ ಸಿಕ್ಕಿಸುವ ಮೀಟರಿನಲ್ಲಿ ಅಳೆದಾಗ ಲೇಖಕನ ಯಂತ್ರ ತೋರಿಸಿದ್ದು 220 ವ್ಯಾಟ್. ಯಂತ್ರ ಸದಾ ಬಿಸಿಯಾಗಿರಬೇಕು, ಆರಿಸಲೇಬಾರದು ಎಂಬ ಸಲಹೆ ಕೇಳುಗರ ವಲಯದಲ್ಲಿ ಪ್ರಚಲಿತವಾಗಿದ್ದು, ಅದನ್ನು ಪಾಲಿಸಿದರೆ ತಿಂಗಳಿಗೆ 158 ಯೂನಿಟ್ ಖರ್ಚಾಗುತ್ತದೆ. ಕರ್ನಾಟಕದ ಗೃಹಜ್ಯೋತಿ ಯೋಜನೆಯಲ್ಲಿ ಮನೆಯೊಂದಕ್ಕೆ ಸಾಮಾನ್ಯವಾಗಿ ಉಚಿತವಾಗಿ ದೊರೆಯುವುದು 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು, ಅದೂ 200 ಯೂನಿಟ್ ಮೀರದಂತೆ. ತಿಂಗಳ ಬಳಕೆ 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಹೀಗಿರುವಾಗ ರಾತ್ರಿಯಿಡೀ ಉರಿಯುವ ಒಂದು ಆಂಪ್ಲಿಫೈಯರ್ ಇಡೀ ಮನೆಯ ಸೌಲಭ್ಯವನ್ನು ಕಳೆಯಬಲ್ಲದು. ಅರ್ಧ ಗಂಟೆ ಮುಂಚೆ ಹಾಕಿದರೆ ಯಂತ್ರ ಕಾಯುತ್ತದೆ, ದಿನಕ್ಕೆ ಎರಡು ಗಂಟೆ ಕೇಳಿ ಆರಿಸಿದರೆ ತಿಂಗಳಿಗೆ 15 ಯೂನಿಟ್ಟಿನ ಆಸುಪಾಸಿನಲ್ಲಿ ಮುಗಿಯುತ್ತದೆ.

ಹೀಗೆ ಎಳೆದ ವಿದ್ಯುತ್ತಿನ ಬಹುಪಾಲು ಶಾಖವಾಗುತ್ತದೆ, ಆ ಶಾಖದ ಬಾಕಿ ತಡವಾಗಿ ತೀರುವಂಥದ್ದು. ವಿದ್ಯುದಂಶವನ್ನು ಕೂಡಿಟ್ಟು ಸಮನಾಗಿ ಬಿಡುವ ದೊಡ್ಡ ಕೆಪಾಸಿಟರುಗಳೊಳಗಿನ ದ್ರವ ಕಾಲಕ್ರಮದಲ್ಲಿ ಒಣಗುತ್ತದೆ. ಸುತ್ತಲಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಅವುಗಳ ಆಯುಷ್ಯ ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸೂತ್ರ. ಲೇಖಕನು ಮೊದಲ ಎರಡು ವರ್ಷ ಯಂತ್ರವನ್ನು ಗಾಜಿನ ಬಾಗಿಲಿನ ತೇಗದ ಬೀರುವಿನಲ್ಲಿಟ್ಟು ಅದರ ಆಯುಷ್ಯವನ್ನು ತಾನೇ ಕಡಿಮೆ ಮಾಡಿದ್ದು ಈ ಸೂತ್ರ ತಿಳಿಯದೆ ಮಾಡಿದ ತಪ್ಪು. ಈಗ ಅದು ನಾಲ್ಕೂ ಕಡೆ ಗಾಳಿಯಾಡುವ ತೆರೆದ ಹಲಗೆಯ ಮೇಲಿದೆ.

ಅತಿ ದೊಡ್ಡ ಪೆಟ್ಟು ಬಿದ್ದದ್ದು 2017ರ ಏಪ್ರಿಲಿನ ಮಳೆಯಲ್ಲಿ. ಬೀದಿಯ ಮೂರು ಫೇಸುಗಳಿಗೂ ಸಮಾನವಾದ ನ್ಯೂಟ್ರಲ್ ತಂತಿ ಸಡಿಲವಾದರೆ, 230 ವೋಲ್ಟ್ ಬರಬೇಕಾದ ಮನೆಗೆ 300ಕ್ಕೂ ಮೇಲ್ಪಟ್ಟು ಬರಬಹುದು. ಅಂದು ಹಾಗೆಯೇ ಆಗಿ ಯಂತ್ರದ ವಿದ್ಯುತ್ ಪೂರೈಕೆಯ ಭಾಗ ಸುಟ್ಟುಹೋಯಿತು. ಮನೆಯ ವಿಮಾಪತ್ರದಲ್ಲಿ ಬೆಂಕಿಗೆ ರಕ್ಷಣೆಯಿತ್ತು, ಆದರೆ ಅತಿ ವೋಲ್ಟೇಜಿನಿಂದಲೋ ಶಾರ್ಟ್ ಸರ್ಕ್ಯೂಟಿನಿಂದಲೋ ವಿದ್ಯುತ್ ಉಪಕರಣಕ್ಕೇ ಆಗುವ ನಷ್ಟ ಹೊರತು ಎಂದು ಷರತ್ತುಗಳಲ್ಲಿ ಬರೆದಿತ್ತು, ಅದನ್ನು ಓದಿದ್ದು ನಷ್ಟವಾದ ಮೇಲೆ. ಅಷ್ಟರಲ್ಲಿ ಆಮದುದಾರರ ಏಜೆನ್ಸಿಯೂ ಮುಗಿದಿದ್ದರಿಂದ, 28 ಕಿಲೋ ತೂಕದ ಯಂತ್ರ ಮರದ ಪೆಟ್ಟಿಗೆಯಲ್ಲಿ ಮುಂಬಯಿಗೆ ಹೋಗಿ ನಾಲ್ಕು ತಿಂಗಳ ನಂತರ ಮರಳಿತು. ಒಟ್ಟು 41,000 ರೂಪಾಯಿ, ಅದರಲ್ಲಿ 11,000 ಬರೀ ಪೆಟ್ಟಿಗೆ ಮತ್ತು ಸಾಗಣೆಯದು. ಆಮೇಲೆ ಹಾಕಿಸಿದ, ಮಿತಿ ಮೀರಿದಾಗ ವಿದ್ಯುತ್ತನ್ನು ಕಡಿಯುವ ಸರ್ವೋ ಸ್ಟೆಬಿಲೈಜರಿಗೆ 15,000, ಪ್ರತ್ಯೇಕ ಅರ್ತಿಂಗ್ ಗುಂಡಿಗೆ 9,000 ಬಿತ್ತು. ಈ 24,000ವನ್ನು ಯಂತ್ರ ಕೊಂಡ ದಿನವೇ ಖರ್ಚು ಮಾಡಿದ್ದರೆ ಆ 41,000 ಉಳಿಯುತ್ತಿತ್ತು. ಅಮೆರಿಕದಲ್ಲಿರುವ ಮಕ್ಕಳ ಕೈಯಲ್ಲಿ ಯಂತ್ರ ತರಿಸಿಕೊಳ್ಳುವ ಕುಟುಂಬಗಳಿಗೆ ಇನ್ನೂ ಒಂದು ತೊಡಕಿದೆ: ಅಲ್ಲಿನದು 120 ವೋಲ್ಟ್, 60 ಹರ್ಟ್ಸ್ ವಿದ್ಯುತ್, ವೋಲ್ಟೇಜನ್ನು ಬೇರೆ ಟ್ರಾನ್ಸ್‌ಫಾರ್ಮರ್ ಇಳಿಸೀತು, ಆದರೆ ಇಲ್ಲಿನ 50 ಹರ್ಟ್ಸನ್ನು ಅದು ಬದಲಿಸಲಾರದು, ಮತ್ತು 60 ಹರ್ಟ್ಸಿಗೆಂದೇ ಸುತ್ತಿದ ಟ್ರಾನ್ಸ್‌ಫಾರ್ಮರ್ ಇಲ್ಲಿ ಹೆಚ್ಚು ಬಿಸಿಯಾಗುತ್ತದೆ.

ಈಗ ಲೆಕ್ಕ. ಹತ್ತು ವರ್ಷಗಳಲ್ಲಿ, ವರ್ಷಕ್ಕೆ 300 ದಿನ, ದಿನಕ್ಕೆ ಎರಡು ಗಂಟೆಯಂತೆ, ಯಂತ್ರ ಸುಮಾರು 6,000 ಗಂಟೆ ನುಡಿದಿದೆ. ತೆರಿಗೆ, ಸರ್‌ಚಾರ್ಜ್ ಸೇರಿ ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ, ಬಿಸಿಯಾಗುವ ಅರ್ಧ ಗಂಟೆಯನ್ನು ಬಿಟ್ಟು, ವಿದ್ಯುತ್ ಖರ್ಚು 9,240. ದುರಸ್ತಿ, ಸ್ಟೆಬಿಲೈಜರ್, ಅರ್ತಿಂಗ್ ಸೇರಿ ಮೂಲ ಬೆಲೆಯ ಹೊರಗಿನ ಖರ್ಚು 74,240. ಇದಕ್ಕೆ ಅವಕಾಶ ವೆಚ್ಚವನ್ನು, ಎಂದರೆ ಅದೇ ಹಣ ಬೇರೆಡೆ ಇದ್ದಿದ್ದರೆ ತರುತ್ತಿದ್ದ ಆದಾಯವನ್ನು, ಸೇರಿಸಬೇಕು: ಬ್ಯಾಂಕಿನ ನಿಶ್ಚಿತ ಠೇವಣಿಯ ಬಡ್ಡಿ ತೆರಿಗೆ ಕಳೆದು ಶೇ 5 ಉಳಿದಿದ್ದರೂ 3,60,000 ರೂಪಾಯಿ ಹತ್ತು ವರ್ಷಕ್ಕೆ 5,86,400 ಆಗುತ್ತಿತ್ತು. 2024ರಲ್ಲಿ ಈ ಯಂತ್ರವನ್ನು ಕೊಳ್ಳಲು ಒಬ್ಬರು ಮುಂದಿಟ್ಟ ಬೆಲೆ 1,90,000 ರೂಪಾಯಿ. ಅದನ್ನು ಕಳೆದರೆ ನಿವ್ವಳ ವೆಚ್ಚ ಸುಮಾರು 4,70,600, ಗಂಟೆಗೆ 78 ರೂಪಾಯಿ. ಇದೇ ಯಂತ್ರವನ್ನು ದಿನಕ್ಕೆ ಅರ್ಧ ಗಂಟೆ ಮಾತ್ರ ಕೇಳಿದ್ದರೆ ಗಂಟೆಯ ವೆಚ್ಚ 309 ರೂಪಾಯಿಗೆ ಏರುತ್ತಿತ್ತು. ವಿದ್ಯುತ್ ಬಿಲ್ಲಿನ ವ್ಯತ್ಯಾಸ ಇಲ್ಲಿ ನಗಣ್ಯ, ಬೆಲೆಯನ್ನು ನಿರ್ಧರಿಸುವುದು ಕೇಳುವ ಅಭ್ಯಾಸ. ಮೂರು ವರ್ಷಕ್ಕೊಮ್ಮೆ ಹೊಸ ಮಾದರಿಗೆ ಬದಲಾಯಿಸುವವರು ಪ್ರತಿ ಸಲವೂ ಮಾರಾಟದ ನಷ್ಟವನ್ನು ಹೊಸದಾಗಿ ಹೊರುವುದರಿಂದ, ಅವರ ಗಂಟೆ ಎಂದಿಗೂ ಅಗ್ಗವಾಗದು.

ಆ 1,90,000ದ ಬಗ್ಗೆಯೂ ಎಚ್ಚರ ಬೇಕು. ಹತ್ತು ವರ್ಷ ಹಳೆಯ ಯಂತ್ರಕ್ಕೆ ಅರ್ಧಕ್ಕಿಂತ ಹೆಚ್ಚು ಬೆಲೆ ಉಳಿದಿದೆ ಎಂಬ ಸಮಾಧಾನದ ಹಿಂದೆ, 2014ರಲ್ಲಿ 60ರ ಆಸುಪಾಸಿನಲ್ಲಿದ್ದ ಡಾಲರ್ ಈಗ 85 ರೂಪಾಯಿಯನ್ನು ದಾಟಿರುವುದೂ, ಆಮದು ಸುಂಕ ಸೇರಿದ ಮೊತ್ತದ ಮೇಲೆ ಮತ್ತೆ ಜಿಎಸ್‌ಟಿ ಬೀಳುವುದರಿಂದ ಹೊಸ ಯಂತ್ರ ಕೈಗೆಟುಕದಂತಾಗಿರುವುದೂ ಇದೆ. ಯಂತ್ರ ಬೆಲೆ ಉಳಿಸಿಕೊಂಡದ್ದಕ್ಕಿಂತ ರೂಪಾಯಿ ಬೆಲೆ ಕಳೆದುಕೊಂಡದ್ದೇ ಹೆಚ್ಚು. ಆದಾಯ ತೆರಿಗೆಯ ಕಣ್ಣಿನಲ್ಲಿ ಇದು ವೈಯಕ್ತಿಕ ಬಳಕೆಯ ಚರವಸ್ತುವಾಗಿದ್ದು ಬಂಡವಾಳ ಆಸ್ತಿಯಲ್ಲವಾದ್ದರಿಂದ, ಮಾರಿದಾಗ ಆಗುವ ನಷ್ಟವನ್ನು ಷೇರಿನ ಲಾಭದೆದುರು ತೋರಿಸಲೂ ಬರುವುದಿಲ್ಲ. ಇದನ್ನು ಹೂಡಿಕೆ ಎಂದು ಕರೆಯುವ ಮಾತು ಸಲ್ಲದು.

ಲೇಖಕನು ಆ ಬೆಲೆಗೆ ಮಾರಲು ಒಪ್ಪಲಿಲ್ಲ. ರಾತ್ರಿ ಬೀದಿಯ ಸದ್ದು ಅಡಗಿದ ಮೇಲೆ ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಣವೊಂದನ್ನು ಹಾಕಿ ಕೂರುವ ಆ ಒಂದು ಗಂಟೆಗೆ 78 ರೂಪಾಯಿ ಅವನಿಗೆ ಹೆಚ್ಚೆನ್ನಿಸಿಲ್ಲ, ಮತ್ತು ಇನ್ನು ಮುಂದೆ ಕೇಳುವ ಪ್ರತಿ ವರ್ಷವೂ ಆ ಅಂಕಿಯನ್ನು ಇನ್ನಷ್ಟು ಇಳಿಸಬಲ್ಲದು. ದೊಡ್ಡ ಕೆಪಾಸಿಟರುಗಳನ್ನು 2030ರ ಹೊತ್ತಿಗೆ ಬದಲಿಸಬೇಕಾದೀತು ಎಂದು ಯಂತ್ರವನ್ನು ಬಿಚ್ಚಿ ನೋಡಿದ ಬೆಂಗಳೂರಿನ ದುರಸ್ತಿಗಾರರೊಬ್ಬರು ತಿಳಿಸಿರುವುದರಿಂದ, 2025ರ ಜನವರಿಯಿಂದ ತಿಂಗಳಿಗೆ 750 ರೂಪಾಯಿಯಂತೆ ಆವರ್ತ ಠೇವಣಿಯೊಂದು ನಡೆಯುತ್ತಿದೆ. ಆರು ವರ್ಷಕ್ಕೆ ಅಸಲೇ 54,000 ಆಗುವ ಆ ಖಾತೆಯ ಪುಸ್ತಕ ಸ್ಟೆಬಿಲೈಜರಿನ ಪಕ್ಕದ ಡ್ರಾಯರಿನಲ್ಲಿ, ದುರಸ್ತಿಯ ರಸೀದಿಗಳ ಜೊತೆಯಲ್ಲಿದೆ.