ಮೀನು ಸಾಯುವ ಮುನ್ನವೇ ನೀರಿನ ವಿಷ ಗುರುತಿಸಿ

ಕೃಷಿ ಹೊಂಡದಲ್ಲಿ ಮೀನು ಸತ್ತು ತೇಲಿದರೆ ಊರಿಗೆ ಊರೇ ಬಂದು ನೋಡುತ್ತದೆ. ಅದೇ ಮೀನು ಸಾಯದೆ, ಬೆಳೆಯದೆ, ಮೊಟ್ಟೆ ಕಟ್ಟದೆ ಉಳಿದರೆ ಯಾರೂ ತಿರುಗಿ ನೋಡುವುದಿಲ್ಲ. ಮರಿ ಸರಿ ಇರಲಿಲ್ಲ ಎಂದು ಸುಮ್ಮನಾಗುತ್ತೇವೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಹೊಂಡ, ಕೆರೆ, ಭೀಮಾ ಹೊಳೆ ನಂಬಿ ಮೀನು ಸಾಕುವವರೂ ಹಿಡಿಯುವವರೂ ಗಮನ ಕೊಡಬೇಕಾದದ್ದು ಈ ಎರಡನೆಯ ನಷ್ಟಕ್ಕೆ. ಎಷ್ಟೋ ಕೀಟನಾಶಕಗಳು, ಚರಂಡಿ ನೀರಿನಲ್ಲಿ ಬರುವ ರಾಸಾಯನಿಕಗಳು ಮೀನನ್ನು ಕೊಲ್ಲುವಷ್ಟು ಸೇರುವ ಮೊದಲೇ ಅದರ ಹಾರ್ಮೋನುಗಳನ್ನು ಕೆಡಿಸುತ್ತವೆ.

ಹಾರ್ಮೋನಿನ ಶಕ್ತಿ ಮೀನು ಸಾಕುವವರಿಗೆ ಹೊಸದಲ್ಲ. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಅವರು ಒಡಿಶಾದಲ್ಲಿ ಗೆಂಡೆ ಮೀನಿಗೆ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಮೊಟ್ಟೆ ಇಡಿಸಿದರು. ಆ ದಿನವನ್ನೇ ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ನಾವು ಮಳೆಗಾಲದಲ್ಲಿ ತಂದು ಬಿಡುವ ಕಟ್ಲ, ರೋಹು, ಮೃಗಾಲ್ ಮರಿಗಳು ಹುಟ್ಟುವುದು ಇಂಥ ಚುಚ್ಚುಮದ್ದಿನಿಂದಲೇ. ತಿಲಾಪಿಯಾ ಮರಿಗಳಿಗೆ ಮೂರ್ನಾಲ್ಕು ವಾರ ಗಂಡು ಹಾರ್ಮೋನು ಬೆರೆಸಿದ ಆಹಾರ ಕೊಟ್ಟರೆ ಹೆಚ್ಚುಕಡಿಮೆ ಎಲ್ಲವೂ ಗಂಡಾಗಿ ಬೆಳೆಯುತ್ತವೆ. ಬೇಕೆಂದೇ ಕೊಟ್ಟ ಚೂರು ಹಾರ್ಮೋನು ಇಷ್ಟು ಮಾಡುವುದಾದರೆ, ಅದನ್ನು ಹೋಲುವ ರಾಸಾಯನಿಕ ನೀರಿನಲ್ಲಿ ಹಗಲು ರಾತ್ರಿ ಇದ್ದರೆ ಏನಾದೀತು?

ಕೆನಡಾದ ವಿಜ್ಞಾನಿಗಳು ಇದನ್ನು ಒಂದು ಇಡೀ ಕೆರೆಯಲ್ಲೇ ಪರೀಕ್ಷಿಸಿದರು. 2001ರಿಂದ ಮೂರು ಬೇಸಿಗೆ ಕಾಲ ಆ ಕೆರೆಗೆ ಗರ್ಭನಿರೋಧಕ ಮಾತ್ರೆಯಲ್ಲಿರುವ ಕೃತಕ ಈಸ್ಟ್ರೋಜನ್ ಹಾಕಿದರು. ಪ್ರಮಾಣ ಲೀಟರಿಗೆ 5ರಿಂದ 6 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಂನ ನೂರು ಕೋಟಿ ಪಾಲಿನಲ್ಲಿ ಐದಾರು ಪಾಲು. ಮೊಟ್ಟೆಯ ಹಳದಿಗೆ ಬೇಕಾದ, ಹೆಣ್ಣು ಮೀನಿನಲ್ಲಿ ಮಾತ್ರ ಕಾಣಬೇಕಾದ ಪ್ರೋಟೀನು ಗಂಡು ಮೀನುಗಳ ಮೈಯಲ್ಲೂ ತಯಾರಾಗತೊಡಗಿತು. ಗಂಡುಗಳ ವೃಷಣದಲ್ಲಿ ಮೊಟ್ಟೆ ಕೋಶ ಕಂಡವು. ಕೆಲವೇ ವರ್ಷಗಳಲ್ಲಿ ಅಲ್ಲಿನ ಒಂದು ಸಣ್ಣ ಮೀನಿನ ಸಂತತಿ ಅಳಿವಿನ ಅಂಚಿಗೆ ಬಂತು. ಹಾಕುವುದನ್ನು ನಿಲ್ಲಿಸಿದ ಮೇಲೆ ಆ ಸಂತತಿ ಮತ್ತೆ ಚೇತರಿಸಿಕೊಂಡಿತು. ನಾವು ಏನಾದರೂ ಮಾಡಲು ಸಾಧ್ಯ ಎನ್ನುವ ಧೈರ್ಯ ಬರುವುದು ಈ ಕೊನೆಯ ಸಂಗತಿಯಿಂದ.

ಮೊದಲು ನೀರಿನ ದಾರಿ ನೋಡಿ

ಬೇಸಿಗೆಯಲ್ಲಿ, ಹೊಂಡ ಒಣಗಿದಾಗ, ನೀರು ಬರುವ ದಾರಿಯಲ್ಲಿ ಒಮ್ಮೆ ನಡೆದು ಹೋಗಿ. ಯಾರ ಹೊಲದಿಂದ ಬರುತ್ತದೆ, ಆ ಹೊಲದಲ್ಲಿ ಯಾವ ಬೆಳೆ, ಯಾವ ತಿಂಗಳು ಎಣ್ಣೆ ಹೊಡೆಯುತ್ತಾರೆ, ನಡುವೆ ಊರ ಚರಂಡಿ ಸೇರುತ್ತದೆಯೇ ಎಂದು ಬರೆದಿಟ್ಟುಕೊಳ್ಳಿ.

ಮೂರೂ ತಾಲ್ಲೂಕಿನ ಪರಿಸ್ಥಿತಿ ಒಂದೇ ಅಲ್ಲ. ಆಳಂದದಲ್ಲಿ ತೊಗರಿ ಹೊಲದ ನೀರು ಹಳ್ಳಗಳಿಂದ ಹೊಂಡಕ್ಕೂ ಕೆರೆಗೂ ಇಳಿಯುತ್ತದೆ. ಅಮರ್ಜಾ ನದಿಗೆ ಕೊರಳ್ಳಿ ಬಳಿ ಅಣೆಕಟ್ಟು ಇದೆ. ಅಫಜಲಪುರದಲ್ಲಿ ಕಬ್ಬು ಹೆಚ್ಚು. ಕಬ್ಬಿನ ಕಳೆಗೆ ಹೊಡೆಯುವ ಅಟ್ರಾಜಿನ್ ಕಪ್ಪೆ, ಮೀನುಗಳ ಹಾರ್ಮೋನನ್ನು ಎಷ್ಟು ಕೆಡಿಸುತ್ತದೆ ಎಂದು ವಿಜ್ಞಾನಿಗಳ ನಡುವೆ ಇಪ್ಪತ್ತು ವರ್ಷಗಳಿಂದ ವಾದ ನಡೆದಿದೆ. ಅದು ಮಣ್ಣಿನಿಂದ ನೀರಿಗೆ ಸುಲಭವಾಗಿ ಇಳಿಯುತ್ತದೆ ಎನ್ನುವುದರಲ್ಲಿ ಮಾತ್ರ ವಾದವಿಲ್ಲ. ಜೇವರ್ಗಿಯಲ್ಲಿ ಹತ್ತಿಯ ಸಿಂಪರಣೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು, ಕಾಲುವೆಯ ಬಸಿ ನೀರನ್ನೂ ನೋಡಬೇಕು.

ಇನ್ನು ಭೀಮಾ. ಪುಣೆ ನಗರದ ಕೊಳಚೆ ಹೊತ್ತ ಮುಳಾ-ಮುಠಾ ಈ ಹೊಳೆಗೆ ಸೇರಿ ಉಜನಿ ಜಲಾಶಯಕ್ಕೆ ಬರುತ್ತದೆ. ಅಲ್ಲಿಂದ ಬಿಟ್ಟ ನೀರು ಸೊನ್ನ ಬ್ಯಾರೇಜಿಗೆ, ಗಾಣಗಾಪುರದ ಸಂಗಮಕ್ಕೆ, ಮುಂದೆ ಜೇವರ್ಗಿಗೆ. ದೊಡ್ಡ ಊರುಗಳ ಕೊಳಚೆಯಲ್ಲಿ ಮನುಷ್ಯರ ಮೈಯಿಂದ ಹೊರಬಿದ್ದ ಹಾರ್ಮೋನು, ಔಷಧಿ, ಮಾರ್ಜಕಗಳ ಅಂಶ ಇದ್ದೇ ಇರುತ್ತದೆ. ಮಳೆಗಾಲದ ಹರಿವಿನಲ್ಲಿ ಅದು ತೆಳುವಾಗುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಹೊಳೆ ಹರಿಯದೆ ಮಡುಗಳಾಗಿ ನಿಂತಾಗ ಅಂಥ ನೀರನ್ನು ಪಂಪು ಹಚ್ಚಿ ಮೀನಿನ ಹೊಂಡಕ್ಕೆ ತುಂಬಬೇಡಿ.

ಎಣ್ಣೆ ಹೊಡೆಯುವ ದಿನ

ಹೊಂಡದ ಮೀನಿಗೆ ಅತಿ ಹೆಚ್ಚು ಅಪಾಯ ನಮ್ಮ ಹೊಲದಿಂದಲೇ. ಒಂದು ಲೆಕ್ಕ ನೋಡಿ. ಮೇಲೆ 15 ಮೀಟರ್ ಉದ್ದಗಲ, 3 ಮೀಟರ್ ಆಳದ, ಇಳಿಜಾರು ಬದಿಗಳ ಕೃಷಿ ಹೊಂಡ ತುಂಬಿದರೆ ಸುಮಾರು 4.4 ಲಕ್ಷ ಲೀಟರ್ ನೀರು. ಸೈಪರ್‌ಮೆಥ್ರಿನ್ ಎಂಬ ಕೀಟನಾಶಕವು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಲೀಟರಿಗೆ ಒಂದೆರಡು ಮೈಕ್ರೋಗ್ರಾಂ ಇದ್ದರೆ ನಾಲ್ಕು ದಿನದಲ್ಲಿ ಅರ್ಧದಷ್ಟು ಗೆಂಡೆ ಮೀನುಗಳನ್ನು ಕೊಲ್ಲುತ್ತದೆ. ಶೇ 25ರ ಸೈಪರ್‌ಮೆಥ್ರಿನ್ ಮೂರೂವರೆ ಮಿಲಿಲೀಟರ್, ಅಂದರೆ ಒಂದು ಚಹಾ ಚಮಚವೂ ತುಂಬದಷ್ಟು, ಈ ಇಡೀ ಹೊಂಡವನ್ನು ಆ ಮಟ್ಟಕ್ಕೆ ಒಯ್ಯಬಲ್ಲದು. ನಮ್ಮ ಎರೆಮಣ್ಣಿನ ಕಣಗಳಿಗೆ ಇದು ಬೇಗ ಅಂಟಿಕೊಂಡು ತಳ ಸೇರುವುದರಿಂದ ಎಲ್ಲ ಮೀನೂ ಸಾಯಲಿಕ್ಕಿಲ್ಲ. ಆದರೆ ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಮೇಯುವುದೇ ತಳದ ಕೆಸರಿನಲ್ಲಿ.

ಹಾಗಾಗಿ ಸ್ಪ್ರೇ ಪಂಪನ್ನು ಹೊಂಡದ ದಂಡೆಯಲ್ಲಿ ತೊಳೆಯಲೇಬೇಡಿ, ಹೊಂಡದಿಂದ ನೇರವಾಗಿ ಪಂಪಿಗೆ ನೀರು ತುಂಬಬೇಡಿ. ಬಕೆಟ್ಟಿನಲ್ಲಿ ದೂರ ಒಯ್ದು ಬೆರೆಸಿ. ಖಾಲಿ ಬಾಟಲಿಯನ್ನು ಮೂರು ಸಲ ತೊಳೆದು ಆ ನೀರನ್ನು ಪಂಪಿಗೇ ಸುರಿಯಿರಿ. ಗಾಳಿ ಹೊಂಡದ ಕಡೆ ಬೀಸುವಾಗ ಸಿಂಪರಣೆ ಬೇಡ. ದಂಡೆಯಿಂದ ಹತ್ತು ಮೀಟರ್ ಜಾಗ ಹೊಡೆಯದೆ ಬಿಡಿ, ಅಲ್ಲಿ ಹುಲ್ಲು ಬೆಳೆಯಲಿ. ಒಂದು ಕಾಲಕ್ಕೆ ತೊಗರಿಗೂ ಬಳಸುತ್ತಿದ್ದ ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ನಿಷೇಧಿಸಿತು. ಮೀನಿಗೆ ಅದಕ್ಕಿಂತ ಕ್ರೂರವಾದ ಕೀಟನಾಶಕಗಳು ಕಡಿಮೆ. ಹಳೆಯ ಡಬ್ಬಿ ಮನೆಯ ಮೂಲೆಯಲ್ಲಿ ಉಳಿದಿದ್ದರೆ ಹಳ್ಳಕ್ಕೆ ಎಸೆಯದೆ ಕೃಷಿ ಇಲಾಖೆಯವರಿಗೆ ತಿಳಿಸಿ.

ಯಾವ ಮಳೆಯ ನೀರು ಹೊಂಡಕ್ಕೆ?

ಬಿದ್ದ ಮಳೆ ಬಿಟ್ಟುಬಿಡಿ ಎಂದು ಮಳೆಯನ್ನೇ ನಂಬಿದ ರೈತನಿಗೆ ಹೇಳುವುದು ಸುಲಭದ ಮಾತಲ್ಲ, ಅದು ನನಗೆ ಗೊತ್ತು. ಆದರೂ ಎರಡು ಸಂದರ್ಭದಲ್ಲಿ ಬಿಡಲೇಬೇಕು. ಬಿತ್ತನೆಯಾದ ಕೂಡಲೇ ಕಳೆನಾಶಕ ಹೊಡೆದಿದ್ದರೆ ಅದರ ನಂತರದ ಮೊದಲ ಹರಿವು ಒಂದು. ಕಾಯಿಕೊರಕಕ್ಕೆ ಹೊಡೆದ ಮೇಲೆ ಬರುವ ಮೊದಲ ಮಳೆ ಇನ್ನೊಂದು. ಹೊಂಡದ ಬಾಯಿಗೆ ಮಣ್ಣು ತುಂಬಿದ ಚೀಲ ಅಡ್ಡ ಇಟ್ಟು ಆ ನೀರನ್ನು ಬದಿಗೆ ತಿರುಗಿಸಿ.

ತೊಗರಿ ಒಂದನ್ನೇ ಬೆಳೆಯುವವರಿಗೆ ಇದರಲ್ಲಿ ಅನುಕೂಲವೂ ಇದೆ. ಜುಲೈ–ಆಗಸ್ಟ್ ಮಳೆಯಲ್ಲೇ ಹೊಂಡ ತುಂಬಿಸಿ ಮರಿ ಬಿಟ್ಟು, ತೊಗರಿ ಹೂವಿಗೆ ಬಂದು ಸಿಂಪರಣೆ ಶುರುವಾಗುವ ಹೊತ್ತಿಗೆ ಬಾಯಿ ಮುಚ್ಚಿಬಿಡಬಹುದು. ಹತ್ತಿಯವರಿಗೆ ಈ ಸೌಲಭ್ಯವಿಲ್ಲ, ಅವರ ಸಿಂಪರಣೆ ಮೊದಲೇ ಶುರುವಾಗುತ್ತದೆ. ಹತ್ತಿ ಹೊಲದ ನೀರೇ ಗತಿಯಾದರೆ ಮೀನು ಸಾಕುವ ಹೊಂಡ ಬೇರೆ ಇರಲಿ, ಇಲ್ಲವೇ ಆ ವರ್ಷ ಮೀನು ಬೇಡ ಎನ್ನುವುದೇ ನನ್ನ ಸಲಹೆ.

ಬೆಳಗಿನ ಜಾವ ನೀರು ಅಳೆಯಿರಿ

ಊರ ಕೊಳಚೆ, ಸಕ್ಕರೆ ಕಾರ್ಖಾನೆಯ ಸಿಹಿ ತ್ಯಾಜ್ಯ, ಅತಿಯಾದ ಸಗಣಿ ಇವೆಲ್ಲ ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತವೆ. ಇದು ಉಸಿರಾಟದ ಸಮಸ್ಯೆ ಮಾತ್ರ ಎಂದುಕೊಂಡಿದ್ದೆವು. 2003ರಲ್ಲಿ ಹಾಂಗ್‌ಕಾಂಗ್‌ನ ಸಂಶೋಧಕರು ಸಾಮಾನ್ಯ ಗೆಂಡೆಯ ಮೇಲೆ ನಡೆಸಿದ ಅಧ್ಯಯನದಲ್ಲಿ, ದೀರ್ಘಕಾಲದ ಆಮ್ಲಜನಕದ ಕೊರತೆಯೂ ಹಾರ್ಮೋನು ಕೆಡಿಸುತ್ತದೆ, ವೀರ್ಯ ಮತ್ತು ಮೊಟ್ಟೆಯ ಗುಣಮಟ್ಟ ಕುಗ್ಗಿಸುತ್ತದೆ ಎಂದು ಕಂಡುಬಂತು. ನಮ್ಮ ಕೆರೆಗಳಲ್ಲಿ ಬೆಳೆಯುವುದೂ ಅದೇ ಮೀನು.

ಆಮ್ಲಜನಕ ಅತಿ ಕಡಿಮೆ ಇರುವುದು ಸೂರ್ಯ ಹುಟ್ಟುವ ಮುಂಚೆ, ಆದ್ದರಿಂದ ಅಳೆಯುವುದೂ ಆಗಲೇ. ಪರೀಕ್ಷಾ ಕಿಟ್ ಸಾಕು. ಲೀಟರಿಗೆ 5 ಮಿಲಿಗ್ರಾಂಗಿಂತ ಮೇಲಿದ್ದರೆ ಒಳ್ಳೆಯದು, 3ಕ್ಕಿಂತ ಕೆಳಗೆ ಬಂದರೆ ಅಂದು ಆಹಾರ ಹಾಕಬೇಡಿ, ಪಂಪು ಹಚ್ಚಿ ನೀರನ್ನು ಮೇಲಿನಿಂದ ಚಿಮ್ಮಿಸಿ. ಪಿಎಚ್ 6.5ರಿಂದ 8.5ರ ನಡುವೆ ಇರಲಿ.

ಮೀನನ್ನು ಕೈಯಲ್ಲಿ ಹಿಡಿದು ನೋಡಿ

ತಿಂಗಳಿಗೊಮ್ಮೆ ಬಲೆ ಬೀಸಿ ಕೆಲವು ಮೀನು ತೂಗಿ ಬರೆದಿಡಿ. ವಿಷದ ನೀರಿನಲ್ಲಿ ಮೀನಿನ ಮೈಯಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರುತ್ತದೆ. ಅದು ಏರಿಯೇ ಇದ್ದರೆ ತಿಂದ ಆಹಾರ ಮೈಗೆ ಹತ್ತುವುದಿಲ್ಲ, ರೋಗ ತಡೆಯುವ ಶಕ್ತಿ ಕುಂದುತ್ತದೆ. ಆಹಾರ ಸರಿಯಾಗಿ ಹಾಕಿದರೂ ತೂಕ ನಿಂತರೆ, ಮೈಮೇಲೆ ಹುಣ್ಣು ಕಂಡರೆ, ಬೆನ್ನುಮೂಳೆ ಡೊಂಕಾದರೆ, ಕಿವಿರಿನಲ್ಲಿ ಲೋಳೆ ತುಂಬಿದರೆ ಅನುಮಾನ ಪಡಿ. ಕಟ್ಲ, ರೋಹು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಅದು ದೋಷವಲ್ಲ. ಸಾಮಾನ್ಯ ಗೆಂಡೆ ಮಾತ್ರ ಕೆರೆಯ ಜಲಸಸ್ಯಗಳಿಗೆ ಮೊಟ್ಟೆ ಅಂಟಿಸುತ್ತದೆ. ವರ್ಷಗಟ್ಟಲೆ ಅದರ ಮೊಟ್ಟೆ, ಮರಿ ಕಾಣದಿದ್ದರೆ, ತಾನಾಗಿ ಬೆಳೆಯುತ್ತಿದ್ದ ಸಣ್ಣ ಮೀನುಗಳು ಕಡಿಮೆಯಾಗುತ್ತ ಬಂದರೆ, ಆ ಕೆರೆಯ ನೀರನ್ನು ಪರೀಕ್ಷೆಗೆ ಕಳಿಸಲು ಅಷ್ಟೇ ಕಾರಣ ಸಾಕು. ಹಾರ್ಮೋನು ಕೆಟ್ಟಿದೆಯೆಂದು ಖಚಿತವಾಗಿ ಹೇಳುವುದು ಪ್ರಯೋಗಾಲಯ ಮಾತ್ರ, ನಮ್ಮ ಕಣ್ಣಲ್ಲ.

ಮೀನು ಸತ್ತರೆ ಮೊದಲ ಕೆಲವು ಗಂಟೆ

ಇಲ್ಲಿ ತಡ ಮಾಡಿದರೆ ಸಾಕ್ಷಿ ಉಳಿಯುವುದಿಲ್ಲ. ಪ್ಲಾಸ್ಟಿಕ್ ಬಾಟಲಿಗೆ ಕೀಟನಾಶಕ ಅಂಟಿಕೊಳ್ಳುತ್ತದೆ, ಆದ್ದರಿಂದ ಚೆನ್ನಾಗಿ ತೊಳೆದ ಗಾಜಿನ ಬಾಟಲಿಯಲ್ಲಿ ಗಾಳಿ ಉಳಿಯದಂತೆ ನೀರು ತುಂಬಿ, ಬಿಸಿಲು ತಾಗದಂತೆ ಐಸಿನಲ್ಲಿಡಿ. ಕೊಳೆತ ಮೀನಿನಿಂದ ಏನೂ ಗೊತ್ತಾಗದು. ಇನ್ನೂ ಒದ್ದಾಡುತ್ತಿರುವ ಮೀನನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಐಸಿನಲ್ಲಿಡಿ. ಸಮಯ, ಹಿಂದಿನ ದಿನದ ಮಳೆ, ಸುತ್ತ ಯಾರು ಏನು ಹೊಡೆದರು ಎಂಬುದನ್ನು ಬರೆದು, ಫೋಟೊ ತೆಗೆದು, ಅಂದೇ ಮೀನುಗಾರಿಕೆ ಇಲಾಖೆಯ ಕಚೇರಿಗೂ ಕಲಬುರಗಿಯಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೂ ಲಿಖಿತ ದೂರು ಕೊಡಿ. ಸ್ವೀಕೃತಿ ಪಡೆಯದೆ ಬರಬೇಡಿ. ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರ ಆಳಂದ ರಸ್ತೆಯಲ್ಲೇ ಇದೆ, ಸಲಹೆ ಕೇಳಬಹುದು.

ಹಳ್ಳದ ಗುಂಡಿಗೆ ಎಣ್ಣೆ ಸುರಿದು ಮೀನು ಹಿಡಿಯುವವರು ಕಂಡರೆ ತಡೆಯಿರಿ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ನೀರಿಗೆ ವಿಷ ಹಾಕಿ ಮೀನು ಕೊಲ್ಲುವುದು ಅಪರಾಧ.

ವಿಷದಿಂದ ಸತ್ತ ಮೀನನ್ನು ಮಾರುವುದು, ತಿನ್ನುವುದು, ಕೋಳಿಗೆ ಹಾಕುವುದು ಯಾವುದೂ ಬೇಡ. ನೀರಿನಿಂದ ದೂರ ಆಳವಾಗಿ ಹೂಳಿ. ಕೊಬ್ಬಿನಲ್ಲಿ ಕರಗುವ ರಾಸಾಯನಿಕಗಳು ಮೀನಿನ ಯಕೃತ್ತಿನಲ್ಲಿ, ಹೊಟ್ಟೆಯ ಕೊಬ್ಬಿನಲ್ಲಿ ಸೇರುತ್ತವೆ. ಹೊಳೆಯ ಮೀನು ತಂದಾಗ, ಅದರಲ್ಲೂ ಮನೆಯಲ್ಲಿ ಬಸುರಿಯರು, ಮಕ್ಕಳಿದ್ದರೆ, ಇವನ್ನು ತೆಗೆದೇ ಅಡುಗೆ ಮಾಡಿ.

ಹೊಂಡವನ್ನು ಒಬ್ಬ ರೈತ ಕಾಪಾಡಬಹುದು, ಭೀಮೆಯನ್ನು ಒಬ್ಬರು ಕಾಪಾಡಲಾಗದು. ಹೊಳೆ ದಂಡೆಯ ಮೀನುಗಾರರ ಸಹಕಾರ ಸಂಘಗಳು ಮತ್ತು ಗ್ರಾಮ ಪಂಚಾಯಿತಿಗಳು ಬೇಸಿಗೆಯಲ್ಲೊಮ್ಮೆ, ತೊಗರಿ ಸಿಂಪರಣೆಯ ಕಾಲದಲ್ಲೊಮ್ಮೆ ತಮ್ಮ ಊರ ನೀರನ್ನು ಪರೀಕ್ಷೆಗೆ ಕಳಿಸಿ, ಬಂದ ವರದಿಯನ್ನು ಗ್ರಾಮಸಭೆಯಲ್ಲಿ ಓದಿಸಲಿ. ಈ ವರ್ಷದ ಮೊದಲ ಬಾಟಲಿ ನಿಮ್ಮ ಊರಿಂದಲೇ ಹೋಗಲಿ.