ಕಸದ ಬೂದಿ ಸಿಮೆಂಟ್ ಆಗುತ್ತಾ?

ಪ್ರಾಜೆಕ್ಟ್ ಟಾಪಿಕ್ ಹುಡುಕುವಾಗ ಸಿವಿಲ್‌ನವರಿಗೆ ಮೊದಲು ಹೊಳೆಯೋದು ಸಿಮೆಂಟಿನ ಒಂದು ಪಾಲು ತೆಗೆದು ಬೇರೇನಾದರೂ ಹಾಕೋದು. ಕಲ್ಲಿದ್ದಲಿನ ಹಾರುಬೂದಿ ಪಿಪಿಸಿ ಸಿಮೆಂಟಿನಲ್ಲಿ 35% ವರೆಗೂ ಇರಬಹುದು. ಹಾಗಾದ್ರೆ ನಗರದ ಕಸ ಸುಟ್ಟ ಬೂದಿಯನ್ನೂ ಹಾಗೇ ಹಾಕಬಹುದಲ್ವಾ? ಹಾಕಬಹುದು, ಆದರೆ "ಹಾಗೇ" ಅಲ್ಲ.

ಮೊದಲು, ಇದರ ಅಗತ್ಯ ಏನು? ಸಿಂಗಪುರವನ್ನೇ ನೋಡಿ. ಅಲ್ಲಿ ಕಸ ಸುಟ್ಟು ಅದರ ಗಾತ್ರವನ್ನು ಸುಮಾರು 90% ಇಳಿಸುತ್ತಾರೆ. ಉಳಿದ ಬೂದಿ 1999ರಿಂದ ಸಮುದ್ರದ ನಡುವಿನ ಸೆಮಕಾವ್ ಭೂಭರ್ತಿಗೆ ಹೋಗುತ್ತಿದೆ. ಅದು 2035ರ ಹೊತ್ತಿಗೆ ತುಂಬಬಹುದು ಅಂತ ಅಲ್ಲಿನ ಸರ್ಕಾರದ ಅಂದಾಜು. ಆದ್ದರಿಂದ ಬೂದಿಗೆ ಬೇರೆ ದಾರಿ ಬೇಕೇ ಬೇಕು.

ಕಸದ ಬೂದಿಯಲ್ಲಿ ಎರಡು ಬಗೆ. ಹೊಗೆಯಿಂದ ಹಿಡಿದ ಹಾರುಬೂದಿಯಲ್ಲಿ ಸೀಸ, ಕ್ಯಾಡ್ಮಿಯಂ, ಡಯಾಕ್ಸಿನ್ ಇರುತ್ತವೆ. ಕಾಲೇಜ್ ಲ್ಯಾಬಿನಲ್ಲಿ ಅದರ ತಂಟೆ ಬೇಡ. ಕುಲುಮೆಯ ತಳದಲ್ಲಿ ಉಳಿಯುವ ತಳಬೂದಿಯಲ್ಲಿ ಸಿಲಿಕಾ, ಸುಣ್ಣ, ಅಲ್ಯುಮಿನಾ ಇವೆ. ನುಣ್ಣಗೆ ಅರೆದರೆ ಅದು ಸ್ವಲ್ಪಮಟ್ಟಿಗೆ ಸಿಮೆಂಟಿನ ಕೆಲಸ ಮಾಡುತ್ತದೆ. ಆದರೆ ಮೂರು ತೊಡಕುಗಳಿವೆ.

1. ಅಲ್ಯುಮಿನಿಯಂ: ಕ್ಯಾನ್, ಫಾಯಿಲ್ ಚೂರುಗಳು ಬೂದಿಯಲ್ಲಿ ಲೋಹವಾಗಿಯೇ ಉಳಿದಿರುತ್ತವೆ. ಹಸಿ ಸಿಮೆಂಟಿನ ಪಿಎಚ್ 12ಕ್ಕೂ ಹೆಚ್ಚು. ಅಲ್ಲಿ ಅಲ್ಯುಮಿನಿಯಂ ಕರಗಿ ಹೈಡ್ರೋಜನ್ ಬಿಡುತ್ತದೆ. ಎಎಸಿ ಬ್ಲಾಕ್ ಉಬ್ಬೋದು ಇದೇ ಕ್ರಿಯೆಯಿಂದ. ಅಲ್ಲಿ ನಾವೇ ಬೇಕೆಂದು ಉಬ್ಬಿಸುತ್ತೇವೆ. ಇಲ್ಲಿ ಕ್ಯೂಬ್ ತಾನಾಗಿ ಉಬ್ಬಿ ಬಿರುಕು ಬಿಡುತ್ತದೆ.

2. ಕ್ಲೋರೈಡ್: ಪ್ಲಾಸ್ಟಿಕ್ ಮತ್ತು ಅಡುಗೆ ಉಪ್ಪಿನಿಂದ ಬಂದದ್ದು. ಒಂದು ಲೆಕ್ಕ ಹಾಕೋಣ. ಘನ ಮೀಟರಿಗೆ 350 ಕೆ.ಜಿ. ಸಿಮೆಂಟ್, ಅದರಲ್ಲಿ 10% ಬದಲಿಸಿದರೆ 35 ಕೆ.ಜಿ. ಬೂದಿ. ಬೂದಿಯಲ್ಲಿ 2% ಕ್ಲೋರೈಡ್ ಇದೆ ಅಂದುಕೊಂಡರೆ 0.7 ಕೆ.ಜಿ. ಆಯ್ತು. ಐಎಸ್ 456ರ ಪ್ರಕಾರ ಸರಳು ಇರುವ ಕಾಂಕ್ರೀಟಿಗೆ ಮಿತಿ 0.6 ಕೆ.ಜಿ. ಬೂದಿ ಒಂದರಿಂದಲೇ ಮಿತಿ ದಾಟಿತು!

3. ಸೋರಿಕೆ: ತಾಮ್ರ, ಸೀಸದಂಥ ಲೋಹಗಳು ನೀರಿಗಿಳಿದು ಮಣ್ಣು ಸೇರಬಹುದು.

ಪರಿಹಾರ ಇಲ್ಲ ಅಂತಲ್ಲ. ಕಬ್ಬಿಣಕ್ಕೆ ಅಯಸ್ಕಾಂತ, ಅಲ್ಯುಮಿನಿಯಂಗೆ ಎಡ್ಡಿ ಕರೆಂಟ್ ಸೆಪರೇಟರ್. ನಂತರ ಕೆಲವು ವಾರ ಬಯಲಲ್ಲಿಟ್ಟು ಹದಗೊಳಿಸೋದು, ನೀರಲ್ಲಿ ತೊಳೆಯೋದು. ತೊಳೆದ ನೀರಿಗೂ ಸಂಸ್ಕರಣೆ ಬೇಕು ಅನ್ನೋದು ಮರೆಯಬೇಡಿ.

ಈ ಟಾಪಿಕ್ ತಗೊಂಡರೆ ಕ್ಯೂಬ್ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಗೈಡ್ ಎದುರಲ್ಲೇ, ಕನ್ನಡಕ ಮತ್ತು ಗ್ಲೌಸ್ ಹಾಕಿಕೊಂಡು, ಫ್ಯೂಮ್ ಹುಡ್‌ನಲ್ಲಿ ಸ್ವಲ್ಪ ಬೂದಿಯನ್ನು ದುರ್ಬಲ ಕಾಸ್ಟಿಕ್ ಸೋಡಾ ದ್ರಾವಣಕ್ಕೆ ಹಾಕಿ. ಹತ್ತಿರ ಬೆಂಕಿ ಇರಬಾರದು. ಗುಳ್ಳೆ ಏಳುತ್ತಲೇ ಇದ್ದರೆ ಬೂದಿ ಇನ್ನೂ ಸಿದ್ಧವಾಗಿಲ್ಲ.

28 ದಿನದ ಸ್ಟ್ರೆಂತ್ ಬಂತು ಅಂದ ಮಾತ್ರಕ್ಕೆ ರಿಪೋರ್ಟ್ ಮುಗಿಯಲ್ಲ. ಒಳಗಿನ ಸರಳು ತುಕ್ಕು ಹಿಡಿಯೋದು ವರ್ಷಗಳ ಮೇಲೆ. ಆಗ ಆ ಮನೆಯಲ್ಲಿ ಯಾರೋ ವಾಸ ಮಾಡ್ತಿರ್ತಾರೆ.